ಹಗ್ಗದ ಮೇಲೆ ರಾಜರು: ಆರು ವಾರದ ಲೆಕ್ಕ

ಮೊದಲ ವಾರ

ಮಗಳು ಆರನೇ ಕ್ಲಾಸು. ಎಫ್‌ಎ ಟೆಸ್ಟಿನಲ್ಲಿ ಸಮಾಜ ವಿಜ್ಞಾನಕ್ಕೆ ಎಷ್ಟು ಬಂತು ಅಂತ ಇಲ್ಲಿ ಬರೆಯುವುದು ಬೇಡ. ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿಯನ್ನು ಕಲ್ಯಾಣದ ಚಾಲುಕ್ಯರ ರಾಜ ಮಾಡಿ ಬಂದಿದ್ದಳು. ಓದಿರಲಿಲ್ಲ ಅಂತಲ್ಲ. ಹಿಂದಿನ ರಾತ್ರಿ ಮೂರು ಸಲ ಗಟ್ಟಿಯಾಗಿ ಓದಿದ್ದನ್ನು ನಾನೇ ಕೇಳಿದ್ದೇನೆ. ಪಾಠ ಪೂರ್ತಿ ಬಾಯಿಗೆ ಬರುತ್ತದೆ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಸುಮ್ನೆ ನಿಂತುಬಿಡುತ್ತಾಳೆ.

ಇನ್ನೊಂದು ಕಾಟ ಎಲ್ಲರ ಮನೆಯದ್ದೇ. ರಾತ್ರಿ ಒಂಬತ್ತೂವರೆಗೆ "ಅಮ್ಮಾ, ನಾಳೆ ಚಾರ್ಟ್ ಪೇಪರ್ ಬೇಕಂತೆ." ಆ ಹೊತ್ತಿಗೆ ಯಾವ ಅಂಗಡಿ ತೆಗೆದಿರುತ್ತದೆ?

ಎರಡನೇ ವಾರ

ಯಾವ ರಾಜ ಮೊದಲು, ಯಾವ ರಾಜ ಆಮೇಲೆ ಅಂತ ಕಣ್ಣಿಗೇ ಕಾಣಲಿ ಅಂತ ನಡುಮನೆ ಬಾಗಿಲಿನಿಂದ ಅಡುಗೆಮನೆ ಗೋಡೆಯವರೆಗೆ ನೈಲಾನ್ ಹಗ್ಗ ಕಟ್ಟಿದೆವು. ಅಳತೆಗೆ ಅವಳ 30 ಸೆಂಟಿಮೀಟರ್ ಸ್ಕೇಲು. ಒಂದು ಸ್ಕೇಲ್ ಅಂದರೆ 100 ವರ್ಷ. 300ನೇ ಇಸವಿಯಿಂದ 2000ದವರೆಗೆ 17 ಸ್ಕೇಲು, ಐದು ಮೀಟರಿಗಿಂತ ತುಸು ಜಾಸ್ತಿ. 2000ದಿಂದ ಈಚೆಗೆ ನಾಲ್ಕು ಬೆರಳು. ಅದರಲ್ಲಿ ತನ್ನ ಇಡೀ ಆಯಸ್ಸು ಬರೀ ಎರಡು ಬೆರಳು ಅಂತ ಗೊತ್ತಾದಾಗ ಅವಳಿಗೆ ಸ್ವಲ್ಪ ಅವಮಾನವೇ ಆಯಿತು.

ಬಟ್ಟೆ ಕ್ಲಿಪ್ ಹಾಕಿ ಕಾರ್ಡು ಸಿಕ್ಕಿಸಿದೆವು. ಸುಮಾರು 345ಕ್ಕೆ ಬನವಾಸಿಯ ಮಯೂರವರ್ಮ, 543ಕ್ಕೆ ಬಾದಾಮಿ ಕೋಟೆ ಕಟ್ಟಿಸಿದ ಒಂದನೇ ಪುಲಕೇಶಿ, 634ಕ್ಕೆ ಇಮ್ಮಡಿ ಪುಲಕೇಶಿಯನ್ನು ಹೊಗಳುವ ಐಹೊಳೆ ಶಾಸನ, 753ಕ್ಕೆ ರಾಷ್ಟ್ರಕೂಟರ ದಂತಿದುರ್ಗ, 973ಕ್ಕೆ ಕಲ್ಯಾಣದ ತೈಲಪ, 1117ಕ್ಕೆ ವಿಷ್ಣುವರ್ಧನನ ಬೇಲೂರು ದೇವಸ್ಥಾನ, 1336ಕ್ಕೆ ವಿಜಯನಗರ, 1565ಕ್ಕೆ ತಾಳಿಕೋಟೆ ಯುದ್ಧ, 1824ಕ್ಕೆ ಕಿತ್ತೂರು, ಹೀಗೆ. ಫ್ಯಾನ್ ಹಾಕಿದ್ದೇ ತಡ, ವಿಷ್ಣುವರ್ಧನ ಹಾರಿ ಸೋಫಾ ಕೆಳಗೆ ಹೋದ. ಈಗ ಒಂದೊಂದು ಕಾರ್ಡಿಗೆ ಎರಡೆರಡು ಕ್ಲಿಪ್.

ಅತ್ತೆ ಟಿವಿ ಬಿಟ್ಟು ಎದ್ದು ಬಂದು, 1973ರ ಹತ್ತಿರ ಒಂದು ಖಾಲಿ ಕ್ಲಿಪ್ ಸಿಕ್ಕಿಸಿದರು. "ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟ ವರ್ಷ. ನಾನಾಗ ಹೈಸ್ಕೂಲು." ಮೊಮ್ಮಗಳು ಅಜ್ಜಿಯನ್ನೂ ಹಗ್ಗವನ್ನೂ ಎರಡೆರಡು ಸಲ ನೋಡಿದಳು. ಅಜ್ಜಿಯೂ ಇತಿಹಾಸದಲ್ಲಿ ಇದ್ದಾರೆ ಅನ್ನುವುದು ಅವಳಿಗೆ ಹೊಳೆದೇ ಇರಲಿಲ್ಲ.

ಅದೇ ಸಂಜೆ ಅವಳು 753 ಮತ್ತು 973ರ ನಡುವೆ ಸ್ಕೇಲ್ ಇಟ್ಟಳು. ಎರಡು ಸ್ಕೇಲ್ ದಾಟಿ ಮತ್ತೆ ಆರು ಸೆಂಟಿಮೀಟರ್. "ಇಷ್ಟುದ್ದ ರಾಷ್ಟ್ರಕೂಟರೇ ಕೂತಿದ್ರಾ? ಹಾಗಾದ್ರೆ ಪುಲಕೇಶಿ ಈಚೆ ಕಡೆ, ಕಲ್ಯಾಣದವರು ಆಚೆ ಕಡೆ!" ಪುಸ್ತಕದಲ್ಲಿ ಇಬ್ಬರ ಹೆಸರೂ ಚಾಲುಕ್ಯರು, ನಡುವೆ ಕೆಲವೇ ಪುಟ. ಮಗು ಗೊಂದಲ ಮಾಡಿಕೊಳ್ಳದೆ ಇನ್ನೇನು ಮಾಡೀತು? ಆಮೇಲೆ ಆ ತಪ್ಪು ಮತ್ತೆ ಆಗಿಲ್ಲ.

ಮೂರನೇ ವಾರ

ಚಪ್ಪಲಿ ಡಬ್ಬಿಯೊಳಗೆ ರಟ್ಟು ನಿಲ್ಲಿಸಿ ಮೂರು ಖಾನೆ ಮಾಡಿದೆ. ಪ್ರಶ್ನೆ ಕಾರ್ಡಿನ ಮುಂದೆ, ಉತ್ತರ ಹಿಂದೆ. ಮೊದಲ ಖಾನೆ ದಿನಾ ಕೇಳುವುದು, ಎರಡನೆಯದು ಬುಧವಾರ ಮತ್ತು ಶನಿವಾರ, ಮೂರನೆಯದು ಭಾನುವಾರ ಮಾತ್ರ. ಸರಿ ಹೇಳಿದರೆ ಕಾರ್ಡು ಮುಂದಿನ ಖಾನೆಗೆ. ತಪ್ಪಿದರೆ ಎಲ್ಲಿದ್ದರೂ ವಾಪಸ್ ಮೊದಲನೆಯದಕ್ಕೆ. ಐಡಿಯಾ ನನ್ನದಲ್ಲ. ಸೆಬಾಸ್ಟಿಯನ್ ಲೈಟ್ನರ್ ಅನ್ನುವ ಜರ್ಮನಿಯ ಪತ್ರಕರ್ತರು 1972ರಲ್ಲೇ ಬರೆದಿದ್ದು. ದಿನಕ್ಕೆ ಎಂಟು ನಿಮಿಷ, ಸಂಜೆ ಹಾಲು ಕುಡಿಯುವಾಗ. ಮೊದಲ ದಿನ 22 ಕಾರ್ಡಿನಲ್ಲಿ ಸರಿ ಬಂದಿದ್ದು ಆರು.

ನಾಲ್ಕನೇ ವಾರ

ಮೂರು ಬಣ್ಣದ ಸ್ಕೆಚ್ ಪೆನ್ನಲ್ಲಿ ನಾನು ಬರೆದ ಟೈಮ್‌ಟೇಬಲ್ ಮೂರೇ ದಿನ ಬಾಳಿತು. ಅದು ನನ್ನ ಟೈಮ್‌ಟೇಬಲ್, ಅವಳದ್ದಲ್ಲ. ಬಿಸಾಕಿದೆ. ಈಗ ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರೇ ಗತಿ. ಅದನ್ನಾದರೆ ಮನೆಯವರೆಲ್ಲ ದಿನಾ ನೋಡುತ್ತೇವೆ. ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಬಂದು, ಊಟ ಆದಮೇಲೆ ಸ್ಕೂಲ್ ಡೈರಿ ನೋಡಿಕೊಂಡು ಮುಂದಿನ ವಾರದ ಕೆಲಸವನ್ನು ಅವಳೇ ಬರೆಯುತ್ತಾಳೆ. ಒಂದೇ ಒಂದು ನಿಯಮ: ಗುರುವಾರ ಏನಾದರೂ ತಗೊಂಡು ಹೋಗಬೇಕಿದ್ದರೆ ಮಂಗಳವಾರದ ಚೌಕದಲ್ಲಿ "ಅಂಗಡಿ" ಅಂತ ಬರೆಯಬೇಕು. ಈ ವಾರ ರಾತ್ರಿ ಓಡಾಟ ಇಲ್ಲ. ಆದರೆ ಹಾಲು ಅರ್ಧ ಲೀಟರ್ ಜಾಸ್ತಿ ತಗೊಂಡ ದಿನದ ಮೇಲೆ "ಗಣಿತ ನೋಟ್ಸ್" ಅಂತ ಬರೆದುಬಿಟ್ಟಿದ್ದಳು. ಹಾಲಿನವನ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ತಾಳೆಯಾಗಲಿಲ್ಲ.

ಐದನೇ ವಾರ

22ಕ್ಕೆ 17. ಖುಷಿಯಾಯಿತು, ಆದರೆ ಅನುಮಾನವೂ ಬಂತು. ಒಂದು ಕಾರ್ಡನ್ನು ಪ್ರಶ್ನೆ ಓದುವ ಮೊದಲೇ "ತೈಲಪ!" ಅಂದಳು. ನೋಡಿದರೆ ಮೂಲೆಯಲ್ಲಿ ದೋಸೆ ಎಣ್ಣೆಯ ಕಲೆ. ಕಲೆ ನೋಡಿ ಉತ್ತರ ಹೇಳುತ್ತಿದ್ದಾಳೆ! ಅಷ್ಟೂ ಕಾರ್ಡು ಹೊಸದಾಗಿ ಬರೆದೆ. ತಮಾಷೆ ಅಂದರೆ ತೈಲಪ ಈಗ ಕಲೆ ಇಲ್ಲದೆಯೂ ಮರೆಯುವುದಿಲ್ಲ. ತೈಲ ಅಂದರೆ ಎಣ್ಣೆ ಅಲ್ವಾ.

ಹೊಸ ಕಾರ್ಡುಗಳಲ್ಲಿ "ಯಾವಾಗ" ಕಡಿಮೆ ಮಾಡಿ "ಯಾಕೆ" ಜಾಸ್ತಿ ಮಾಡಿದೆ. ಮಯೂರ ಓದು ಬಿಟ್ಟು ಕತ್ತಿ ಹಿಡಿದಿದ್ದು ಯಾಕೆ? ತಾಳಗುಂದದ ಶಾಸನದಲ್ಲಿ ಕಥೆ ಇದೆ. ಅಜ್ಜ ವೀರಶರ್ಮನ ಜೊತೆ ಓದಲಿಕ್ಕೆ ಕಂಚಿಗೆ ಹೋಗುತ್ತಾನೆ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಗುತ್ತದೆ. ಇದನ್ನು ಒಂದೇ ಸಲ ಹೇಳಿದ್ದು. ಮರುದಿನ ಅಜ್ಜಿಗೆ ಅವಳೇ ಕೈ ಕಾಲು ಆಡಿಸಿ ಹೇಳುತ್ತಿದ್ದಳು. ಜಗಳ ಇರುವ ಪಾಠ ಮಕ್ಕಳಿಗೆ ಬೇಗ ಹತ್ತುತ್ತದೆ.

ಆರನೇ ವಾರ

ಹಗ್ಗದ ತಪ್ಪು ಸಿಕ್ಕಿತು. ಹಿಡಿದಿದ್ದು ಅವಳೇ. ಶ್ರವಣಬೆಳಗೊಳದಲ್ಲಿ ಚಾವುಂಡರಾಯ ಮಾಡಿಸಿದ ಗೊಮ್ಮಟನ ಕಾರ್ಡು ಹಾಕಲು ಹೊರಟಳು, ಸುಮಾರು 981. ತೈಲಪನ 973ಕ್ಕೂ ಅದಕ್ಕೂ ಎರಡೂವರೆ ಸೆಂಟಿಮೀಟರ್ ಕೂಡ ಇಲ್ಲ. ಒಂದರ ಮೇಲೊಂದು ಬಿತ್ತು. "ಚಾವುಂಡರಾಯ ಗಂಗರ ಮಂತ್ರಿ ತಾನೇ? ಗಂಗರನ್ನ ಎಲ್ಲಿ ಹಾಕೋದು? ಕದಂಬರು ಇದ್ದಾಗಲೂ ಇದ್ರು, ರಾಷ್ಟ್ರಕೂಟರು ಇದ್ದಾಗಲೂ ಇದ್ರು." ಒಬ್ಬರು ಎದ್ದು ಹೋದಮೇಲೆ ಇನ್ನೊಬ್ಬರು ಬಂದು ಕೂತರು ಅನ್ನುವ ಹಾಗೆ ನಾನು ಕಟ್ಟಿದ್ದೆ. ಆಗಿದ್ದು ಹಾಗಲ್ಲವಲ್ಲ.

ಕೆಳಗೆ ಎರಡನೇ ಹಗ್ಗ ಕಟ್ಟಬೇಕು, ತಲಕಾಡಿನ ಗಂಗರಿಗೆ. ಕ್ಯಾಲೆಂಡರಿನಲ್ಲಿ ಮಂಗಳವಾರದ ಚೌಕಕ್ಕೆ "ಅಂಗಡಿ: ಹಗ್ಗ, ಕ್ಲಿಪ್ 2 ಡಜನ್" ಅಂತ ಬರೆದಿದ್ದಾಳೆ. ಅದರ ಕೆಳಗೆ ಅತ್ತೆಯ ಕೈಬರಹ: "ಬಟ್ಟೆಗೂ ಒಂದು ಡಜನ್."