ಡೀಸೆಲ್ ಎಂಜಿನ್ ಯಾಕೆ ಕೂರಿಸಲಿಲ್ಲ ಅಂತ ಕೇಳುವವರಿಗೆ

"ಒಂದ ಡೀಸೆಲ್ ಎಂಜಿನ್ ಕುಂದರ್ಸಿದ್ರ ಆಗ್ತಿತ್ತಲ್ರಿ?"

ಆಗ್ತಿರಲಿಲ್ಲ. ಅವಸರದಲ್ಲಿರುವವರು ಇಲ್ಲಿಗೇ ನಿಲ್ಲಿಸಬಹುದು.

ಉಳಿದವರಿಗೆ ಹಿನ್ನೆಲೆ. ನನ್ನ ಹತ್ತಿರ ಒಂದು ಮಹೀಂದ್ರ ಎಫ್‌ಸಿ 150 ಪಿಕಪ್ ಇದೆ. 1960ರ ದಶಕದ ಕೊನೆಯದು. ನಂಬರು ಇನ್ನೂ ಮೈಸೂರು ರಾಜ್ಯದ ಕಾಲದ್ದು, ಎಂವೈ ಅಂತ ಶುರುವಾಗುತ್ತದೆ. ಮುಂದೆ ಬಾನೆಟ್ ಅನ್ನೋದೇ ಇಲ್ಲ, ಮುಖ ಚಪ್ಪಟೆ. ಹುಬ್ಬಳ್ಳಿಯಲ್ಲಿ ಎಲ್ಲಿ ನಿಲ್ಲಿಸಿದರೂ ನಾಲ್ಕು ಜನ ಸೇರುತ್ತಾರೆ. ಒಂದು ಸುತ್ತು ಹಾಕುತ್ತಾರೆ, ಟೈರಿಗೆ ಒದೆಯುತ್ತಾರೆ (ಯಾಕೆ ಒದೆಯುತ್ತಾರೋ ದೇವರೇ ಬಲ್ಲ), "ಎಂಜಿನ್ ಯಾವುದ್ರಿ?" ಅನ್ನುತ್ತಾರೆ. ಅದರದ್ದೇ ಪೆಟ್ರೋಲ್ ಎಂಜಿನ್, ಪೂರ್ತಿ ಬಿಚ್ಚಿ ಮಾಡಿಸಿದ್ದು ಅಂತೀನಿ. ಆಗ ಆ ಮಾತು ಬರುತ್ತದೆ. ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದು ನಾನು. ಕೇಳುವವರು ಹಾಕುವುದಿಲ್ಲ. ಅವರದು ಆಗಲೇ ತೀರ್ಮಾನ ಆಗಿರುತ್ತದೆ, ನಾನು ತಲೆ ಆಡಿಸುವುದಷ್ಟೇ ಬಾಕಿ.

ಗದಗಿನಲ್ಲಿ ಒಂದು ನಿಶ್ಚಿತಾರ್ಥದ ಊಟಕ್ಕೆ ಕೂತಿದ್ದೆವು. ನನ್ನ ಕಾಕಾ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಇಡೀ ಪಂಕ್ತಿಗೆ ಕೇಳುವ ಹಾಗೆ ಶುರು ಮಾಡಿದರು. "ತಮ್ಮಾ, ಅಷ್ಟ ರೊಕ್ಕದಾಗ ಹೊಸಾ ಬೊಲೆರೊ ಪಿಕಪ್ಪಿಗೆ ಮುಂಗಡ ಕಟ್ಟಬಹುದಿತ್ತು. ಹೋಗ್ಲಿ, ಡೀಸೆಲ್ ಆದ್ರೂ ಕುಂದರ್ಸಬೇಕೋ ಬ್ಯಾಡೋ?" ಪಂಕ್ತಿಗೆ ಪಂಕ್ತಿಯೇ ನನ್ನ ಕಡೆ ತಿರುಗಿತು. ಬಡಿಸುವ ಹುಡುಗನೂ ಬಕೆಟ್ ಹಿಡಿದು ನಿಂತ.

ಕಾಕಾನ ಕಥೆ ಗೊತ್ತಿಲ್ಲದಿದ್ದರೆ ನಾನೂ ಏನೋ ಒರಟಾಗಿ ಅಂದುಬಿಡುತ್ತಿದ್ದೆ. ಅವರ ಹತ್ತಿರ ಒಂದು ಪೆಟ್ರೋಲ್ ಜೀಪ್ ಇತ್ತು. ಶಿರಹಟ್ಟಿ, ಲಕ್ಷ್ಮೇಶ್ವರ ಕಡೆ ಬಾಡಿಗೆಗೆ ಓಡುತ್ತಿತ್ತು. ಅದರಲ್ಲೂ ಇದೇ ಎಂಜಿನ್. 1980ರ ದಶಕದಲ್ಲಿ ಅದನ್ನು ಎತ್ತಿಸಿ ಡೀಸೆಲ್ ಕೂರಿಸಿದರು. ಹಳೆಯದನ್ನು ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ತೂಗಿ ಕೊಟ್ಟರು. ಆಗ ಎಲ್ಲರೂ ಮಾಡಿದ್ದು ಅದನ್ನೇ. ಮಹೀಂದ್ರ ಕಂಪನಿಯೇ ಆ ಹೊತ್ತಿಗೆ ತನ್ನ ಜೀಪುಗಳಿಗೆ ಪ್ಯೂಜೋ ಡೀಸೆಲ್ ಎಂಜಿನ್ ಹಾಕಲು ಶುರು ಮಾಡಿತ್ತು. ಕಾಕಾ ಮಾಡಿದ್ದು ತಪ್ಪಲ್ಲ. ಅವರ ಜೀಪು ಮನೆ ನಡೆಸಬೇಕಿತ್ತು. ನನ್ನ ಪಿಕಪ್ಪಿಗೆ ಆ ಜವಾಬ್ದಾರಿ ಇಲ್ಲ. ಅದರ ಹೊಟ್ಟೆಯನ್ನೂ ನಾನೇ ನೋಡಿಕೊಳ್ಳುತ್ತೇನೆ, ಲೀಟರಿಗೆ ಏಳೆಂಟು ಕಿಲೋಮೀಟರ್ ಲೆಕ್ಕದಲ್ಲಿ.

ಎಲ್ಲರೂ ಹಾಗೆ ತೂಗಿ ಕೊಟ್ಟಿದ್ದರಿಂದಲೇ ಇವತ್ತು ಒಳ್ಳೆಯ ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಮೈ, ಸಿಗುವುದು ಕಷ್ಟ. ನನ್ನ ಗಾಡಿಯಲ್ಲಿ ಹುಟ್ಟಿದಾಗಿನ ಬ್ಲಾಕೇ ಉಳಿದಿತ್ತು. ವಾಟರ್ ಪಂಪ್ ಕೂರುವ ಜಾಗದ ಮೇಲೆ ನಂಬರ್ ಹೊಡೆದಿರುತ್ತದೆ. ತಂತಿ ಬ್ರಷ್‌ನಿಂದ ಗ್ರೀಸು, ಮಣ್ಣು ಉಜ್ಜಿ ಆರ್‌ಸಿ ಪಕ್ಕದಲ್ಲಿಟ್ಟು ನೋಡಿದೆ. ಒಂದೊಂದು ಅಂಕಿಯೂ ತಾಳೆಯಾಯಿತು. ಅದನ್ನು ಕಿತ್ತು ಬಿಸಾಡಲಾ?

ಕಾನೂನಿನ ಮಾತು ಬೇಕು ಅನ್ನುವವರಿಗೆ ಅದೂ ಇದೆ. ಎಂಜಿನ್ ಬದಲಿಸಿದರೆ ಆರ್‌ಟಿಒ ಒಪ್ಪಿಗೆ ಬೇಕು, ಸುಮ್ನೆ ಕೂರಿಸಿಕೊಂಡು ಓಡಾಡುವ ಹಾಗಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ, ಬೇರೆ ನಂಬರು ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಸ್ವಂತ ಬಳಕೆಯದಾಗಿರಬೇಕು, ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು. ನಾನಿನ್ನೂ ಆ ನಂಬರಿಗೆ ಅರ್ಜಿ ಹಾಕಿಲ್ಲ. ಆ ನಂಬರಿದ್ದರೆ ರ್‍ಯಾಲಿ, ಪ್ರದರ್ಶನ, ರಿಪೇರಿ ಅಂತ ಹೊರಗೆ ತೆಗೆಯಬಹುದೇ ಹೊರತು ದಿನಾ ಓಡಿಸುವಂತಿಲ್ಲ. ಮುಂದೊಂದು ದಿನ ಹಾಕಬಹುದು. ಡೀಸೆಲ್ ಕೂರಿಸಿದ್ದರೆ ಆ ದಾರಿ ಅವತ್ತೇ ಮುಚ್ಚುತ್ತಿತ್ತು.

ಜಾಗದ ವಿಷಯವನ್ನಂತೂ ಯಾರೂ ಯೋಚಿಸುವುದಿಲ್ಲ. ಈ ಗಾಡಿಯಲ್ಲಿ ಎಂಜಿನ್ ಇರುವುದು ಕ್ಯಾಬಿನ್ ಒಳಗೆ, ಎರಡು ಸೀಟಿನ ನಡುವೆ, ಒಂದು ತಗಡಿನ ಮುಚ್ಚಳದ ಕೆಳಗೆ. ಬೇಸಿಗೆಯಲ್ಲಿ ಅಣ್ಣಿಗೇರಿ ದಾಟುವ ಹೊತ್ತಿಗೆ ಎಡಗಾಲು ಬೆಂದಿರುತ್ತದೆ. ಅಲ್ಲಿ ಹಳೇ ಡೀಸೆಲ್ ಎಂಜಿನ್ ಒಂದನ್ನು ತುರುಕಿದರೆ ಮುಚ್ಚಳ ಕತ್ತರಿಸಬೇಕು, ಮೌಂಟಿಂಗ್ ಬದಲಿಸಬೇಕು. ಮೊದಲೇ ಮುಂದಿನ ಭಾರ ಜಾಸ್ತಿ ಇರುವ ಗಾಡಿ ಇದು. ಆ ಸದ್ದನ್ನು ಮೊಣಕಾಲಿನ ಪಕ್ಕ ಇಟ್ಟುಕೊಂಡು ನೀವು ಓಡಿಸಿ, ನಾನು ಬಸ್ಸಿನಲ್ಲಿ ಬರುತ್ತೇನೆ.

"ಎಷ್ಟ ಖರ್ಚಾತು?" ಅನ್ನುವ ಇನ್ನೊಂದು ಪ್ರಶ್ನೆ ಇದೆ. ಮನೆಯವರಿಗೇ ಹೇಳಿಲ್ಲ.

ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ: ಇದನ್ನು ಮಾಡಿದ್ದು ಯಾರು? ಕೇಳಿದರೆ ಮಧ್ಯಾಹ್ನದವರೆಗೂ ಹೇಳುತ್ತೇನೆ, ಚಹಾನೂ ನನ್ನದೇ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಬ್ಬರು ಚಾಚಾ ಇದ್ದಾರೆ. ಎಪ್ಪತ್ತು ದಾಟಿದೆ. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ವಾಲ್ವ್ ಕೆಲಸ, ಎಲ್ಲ ಅವರೇ. ಗಾಡಿಯನ್ನು ಹಾವೇರಿ ಕಡೆಯ ತೋಟದಿಂದ ಎತ್ತಿ ತಂದಾಗ ಎಂಜಿನ್ ಜಾಮ್ ಆಗಿತ್ತು. ಚಾಚಾ ನಾಲ್ಕೂ ಪ್ಲಗ್ ಬಿಚ್ಚಿ, ತೂತುಗಳಿಗೆ ಡೀಸೆಲ್ ಸುರಿದು, "ನೆನೀಲಿ, ಹೋಗ್ರಿ" ಅಂತ ನನ್ನನ್ನು ಮನೆಗೆ ಕಳಿಸಿದರು. ಈ ಎಂಜಿನ್ನಿಗೂ ಡೀಸೆಲ್ಲಿಗೂ ನಂಟು ಅಂತ ಇದ್ದರೆ ಅದೊಂದೇ.

ಹೆಡ್ ಬಿಚ್ಚಿದ ದಿನ ಅವರು ಮಾಪಕ ಮುಟ್ಟಲಿಲ್ಲ. ಸಿಲಿಂಡರಿನ ಮೇಲ್ತುದಿಯಲ್ಲಿ ಉಗುರು ಇಟ್ಟು ಕೆಳಗೆ ಎಳೆದರು. ರಿಂಗ್ ಓಡಾಡುವ ಜಾಗ ಸವೆದು, ಅದರ ಮೇಲಿನ ಸವೆಯದ ಭಾಗ ಒಂದು ಅಂಚಾಗಿ ಉಳಿದಿರುತ್ತದೆ. ಉಗುರು ಅಲ್ಲಿ ಟಕ್ ಅಂತ ಸಿಕ್ಕಿಕೊಂಡಿತು. "ಬೋರ್ ಹೊಡೀಬೇಕು" ಅಂದರು, ಅಂದರೆ ಸಿಲಿಂಡರನ್ನು ಕೊರೆದು ತುಸು ಅಗಲ ಮಾಡಬೇಕು. ಆಮೇಲೆ ಡಯಲ್ ಗೇಜ್ ಇಟ್ಟು ನೋಡಿದರೂ ಅದನ್ನೇ ಹೇಳಿತು. ಓವರ್‌ಸೈಜ್ ಪಿಸ್ಟನ್ ದೆಹಲಿಯ ಕಾಶ್ಮೀರಿ ಗೇಟಿನಿಂದ ಬಂತು. ಅದು ಕೈಗೆ ಬರುವ ತನಕ ಚಾಚಾ ಬೋರಿಂಗ್ ಮಷೀನ್ ಶುರು ಮಾಡಲಿಲ್ಲ. ಪಿಸ್ಟನ್ ಅಳೆದೇ ಬೋರ್, ಡಬ್ಬಿಯ ಮೇಲೆ ಬರೆದ ಅಳತೆ ನಂಬಿ ಅಲ್ಲ.

ಈ ಎಂಜಿನ್ನಿನ ವಿಚಿತ್ರ ನೋಡಿ. ವಿಲ್ಲೀಸ್ ಕಂಪನಿ ಇದನ್ನು ಹರಿಕೇನ್ ಅಂತ ಕರೆಯಿತು. 2199 ಸಿಸಿ, ನಾಲ್ಕು ಸಿಲಿಂಡರ್. ಪೆಟ್ರೋಲು, ಗಾಳಿ ಒಳಗೆ ಬಿಡುವ ಇನ್‌ಲೆಟ್ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕಿನಲ್ಲಿ. ಹಾಗಾಗಿ ಟ್ಯಾಪೆಟ್ ಅಡ್ಜಸ್ಟ್ ಮಾಡುವುದೂ, ಅಂದರೆ ವಾಲ್ವಿನ ಸಂದು ಸರಿಮಾಡುವುದೂ ಎರಡು ಕಡೆ. ಮೇಲಿನದಕ್ಕೆ ರಾಕರ್ ಕವರ್ ತೆಗೆದರಾಯಿತು. ಕೆಳಗಿನದಕ್ಕೆ ಬ್ಲಾಕಿನ ಪಕ್ಕದ ಮುಚ್ಚಳ ಬಿಚ್ಚಿ, ಬಿಸಿ ಪೈಪಿನ ಸಂದಿಯಲ್ಲಿ ಕೈ ತೂರಿಸಬೇಕು. ಚಾಚಾ ಅದನ್ನು ನೋಡದೆಯೇ ಮಾಡುತ್ತಾರೆ. ಮುಖ ನನ್ನ ಕಡೆ, ಮಾತು ಮೊಮ್ಮಗಳ ಪಿಯುಸಿ ಬಗ್ಗೆ, ಬೆರಳು ಮಾತ್ರ ಒಳಗೆ ಸಂದು ಅಳೆಯುವ ಫೀಲರ್ ಗೇಜ್ ಹಿಡಿದಿರುತ್ತದೆ.

ಎಕ್ಸಾಸ್ಟ್ ವಾಲ್ವಿನ ಸೀಟುಗಳನ್ನು ಗಟ್ಟಿ ಲೋಹದವಕ್ಕೆ ಬದಲಿಸಿದ್ದು ಅವರ ಹಟ. ಈ ಎಂಜಿನ್ ಹುಟ್ಟಿದ್ದು ಸೀಸದ ಪೆಟ್ರೋಲಿನ ಕಾಲದಲ್ಲಿ. ಸೀಸ ವಾಲ್ವಿನ ಸೀಟು ಸವೆಯದಂತೆ ಕಾಯುತ್ತಿತ್ತು. 2000ದಲ್ಲಿ ನಮ್ಮ ದೇಶದಲ್ಲಿ ಅದು ನಿಂತಿತು. ಈಗ ಬಂಕಿನಲ್ಲಿ ಬರುವುದು 20% ಎಥೆನಾಲ್ ಬೆರೆತದ್ದು. ಅದು ಹಳೇ ರಬ್ಬರನ್ನು ತಿನ್ನುತ್ತದೆ. ಹಾಗಾಗಿ ಎಂಜಿನ್ನಿಗೆ ಪೆಟ್ರೋಲ್ ಎತ್ತಿಕೊಡುವ ಪಂಪಿನ ಡಯಾಫ್ರಾಮು, ಪೈಪು ಎಲ್ಲ ಹೊಸದು. ಎಲ್ಲಾ ಹಳೆಯದನ್ನೇ ಇಟ್ಟಿದ್ದೀಯಾ ಅಂತ ಹಂಗಿಸುವವರು ಇದನ್ನೂ ಬರೆದುಕೊಳ್ಳಿ.

ಚಾಚಾನ ಹತ್ತಿರ ಕಲಿಯಲು ಇಬ್ಬರು ಹುಡುಗರಿದ್ದರು. ಒಬ್ಬ ಶೋರೂಮಿನ ಸರ್ವೀಸ್ ಸೆಂಟರ್ ಸೇರಿದ, ಇನ್ನೊಬ್ಬ ಪುಣೆಗೆ ಹೋದ. ಅವರನ್ನು ದೂರುವಂತಿಲ್ಲ, ಅಲ್ಲಿ ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತದೆ. ಇಲ್ಲಿ ನನ್ನಂಥವನೊಬ್ಬ ಬ್ಲಾಕ್ ಹೊತ್ತು ತರುವ ತನಕ ಕಾಯಬೇಕು. ಡೀಸೆಲ್ ಕೂರಿಸಿಬಿಟ್ಟಿದ್ದರೆ ಆ ಕೆಲಸವೂ ಚಾಚಾನಿಗೆ ಬರುತ್ತಿರಲಿಲ್ಲ, ವೆಲ್ಡಿಂಗ್ ಅಂಗಡಿಗೆ ಹೋಗುತ್ತಿತ್ತು.

ಹಿಂದಿನ ಬಾಡಿಯ ಬಗ್ಗೆ ಒಂದೇ ಮಾತು. ಹಲಗೆ ಕಿತ್ತಾಗ ಸಂದಿಯಲ್ಲೆಲ್ಲ ಮೆಣಸಿನ ಬೀಜ. ಬ್ಯಾಡಗಿ ಮಾರ್ಕೆಟ್ಟಿಗೆ ಚೀಲ ಹೊತ್ತ ಗಾಡಿ ಇದು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತಾರೆ. ಆ ಹಲಗೆ ಕಿತ್ತ ಬಡಿಗನನ್ನು ಕೇಳಿ.

ಇನ್ನೂ ಒಂದು ಕೆಲಸ ಬಾಕಿ ಇದೆ. ಸಿಲಿಂಡರುಗಳ ಹೊಗೆಯನ್ನು ಒಟ್ಟುಮಾಡಿ ಹೊರಗೆ ಕಳಿಸುವ ಪೈಪು, ಎಕ್ಸಾಸ್ಟ್ ಮ್ಯಾನಿಫೋಲ್ಡು, ಅದರಲ್ಲಿ ಬಿರುಕಿದೆ. ಬ್ರೇಜಿಂಗ್ ಮಾಡಿಸಿದ್ದು ಎರಡು ಸಲ ಬಿಟ್ಟಿತು. ಇನ್ನು ಅದು ನಿಲ್ಲುವುದಿಲ್ಲ ಅಂತ ಚಾಚಾನೇ ಹೇಳಿದ್ದಾರೆ. ನಿಮ್ಮ ಹಿತ್ತಲಲ್ಲೋ ಮಾವನ ಹೊಲದಲ್ಲೋ ಹಳೇ ಪೆಟ್ರೋಲ್ ಜೀಪಿನ ಎಂಜಿನ್ ಬಿದ್ದಿದ್ದರೆ, ಪಕ್ಕದ ಮ್ಯಾನಿಫೋಲ್ಡ್ ಬಿರುಕಿಲ್ಲದೆ ಇದ್ದರೆ, ಗುಜರಿಗೆ ಹಾಕುವ ಮುಂಚೆ ನನಗೊಂದು ಮಾತು ಹೇಳಿ. ಗುಜರಿಯವನಿಗಿಂತ ಜಾಸ್ತಿ ಕೊಡುತ್ತೇನೆ. ಕಾಕಾನನ್ನೂ ಕೇಳಿದ್ದೇನೆ, ಅಟ್ಟದ ಮೇಲೆ ನೋಡುತ್ತೇನೆ ಅಂದಿದ್ದಾರೆ.