ಅಪ್ಪನ ವಾಕಿಂಗ್‌ಗೆ ಮೂರು ನಿಮಿಷದ ಲೆಕ್ಕ

ಅಪ್ಪನಿಗೆ ಈಗ 71. ರಿಟೈರ್ ಆದಾಗಿನಿಂದ ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಹತ್ತಿರ ಒಂದು ಗಂಟೆ ವಾಕಿಂಗ್, ಗೆಳೆಯರ ಜೊತೆ ಮಾತಾಡಿಕೊಂಡು ನಿಧಾನವಾಗಿ. ಆದರೂ ಹೋದ ವರ್ಷ ಒಂದು ಗೃಹಪ್ರವೇಶದಲ್ಲಿ ಪಂಕ್ತಿ ಊಟ ಮುಗಿಸಿ ಏಳುವಾಗ ಒಂದು ಕೈ ನೆಲಕ್ಕೆ ಊರಿ, ಇನ್ನೊಂದು ಕೈಯಲ್ಲಿ ನನ್ನ ಹೆಗಲು ಹಿಡಿದರು. ತೊಡೆ ನಡುಗುತ್ತಿತ್ತು. "ದಿನಾ ಇಷ್ಟು ನಡೀತೀನಿ, ಕಾಲಲ್ಲಿ ಶಕ್ತಿನೇ ಇಲ್ವಲ್ಲಮ್ಮ" ಅಂದರು. ಆ ಮಾತು ನನ್ನನ್ನು ಬಿಡಲೇ ಇಲ್ಲ.

ಹುಡುಕುತ್ತಾ ಹೋದಾಗ ಜಪಾನಿನ ಮತ್ಸುಮೊಟೊದಲ್ಲಿ ಶಿನ್ಶು ವಿಶ್ವವಿದ್ಯಾಲಯದ ಹಿರೋಶಿ ನೋಸೆ ಅವರ ತಂಡ ಮಾಡಿದ ಅಧ್ಯಯನ ಸಿಕ್ಕಿತು. 2007ರಲ್ಲಿ ಪ್ರಕಟವಾದದ್ದು. ಸರಾಸರಿ 63 ವರ್ಷದವರು, 5 ತಿಂಗಳು. ಒಂದು ಗುಂಪು ದಿನಕ್ಕೆ 8,000 ಹೆಜ್ಜೆ, ಆರಾಮದ ನಡಿಗೆ. ಇನ್ನೊಂದು ಗುಂಪು 3 ನಿಮಿಷ ಜೋರಾಗಿ, 3 ನಿಮಿಷ ನಿಧಾನ, ಹೀಗೆ 5 ಸಲ, ವಾರಕ್ಕೆ 4 ದಿನ. ಜೋರಾಗಿ ಅಂದರೆ ತಮ್ಮ ಸಾಮರ್ಥ್ಯದ 70%ಕ್ಕಿಂತ ಜಾಸ್ತಿ. ಈ ಎರಡನೇ ಗುಂಪಿನವರಿಗೆ ಮಂಡಿ ಚಾಚುವ ಶಕ್ತಿ 13%, ಮಡಿಸುವ ಶಕ್ತಿ 17% ಹೆಚ್ಚಿತು, ಬಿಪಿ ಕೂಡ ಇಳಿಯಿತು. ಆರಾಮಾಗಿ ನಡೆದವರಲ್ಲಿ ಅಷ್ಟು ಬದಲಾವಣೆ ಕಾಣಲಿಲ್ಲ.

ಯಾಕೆ ಅಂದರೆ, ವಯಸ್ಸಾದಂತೆ ಸ್ನಾಯುವಿನಲ್ಲಿ ಮೊದಲು ಸಣ್ಣಗಾಗುವುದು ಬೇಗ ಕೆಲಸ ಮಾಡುವ ಎಳೆಗಳು. ನೆಲದಿಂದ ಏಳುವಾಗ, ಎಡವಿದಾಗ ಥಟ್ಟನೆ ಕಾಲು ಊರುವಾಗ ಬೇಕಾಗುವುದೂ ಅವೇ. ಸುಮ್ನೆ ನಿಧಾನವಾಗಿ ನಡೆದರೆ ಅವುಗಳಿಗೆ ಕೆಲಸವೇ ಬೀಳುವುದಿಲ್ಲ.

ಮೊದಲು ಡಾಕ್ಟರ ಹತ್ತಿರ ಹೋದೆವು. ಅಪ್ಪ ತೆಗೆದುಕೊಳ್ಳುವ ಬಿಪಿ ಮಾತ್ರೆ ಎದೆಬಡಿತವನ್ನು ತಗ್ಗಿಸುತ್ತದೆ, ಹಾಗಾಗಿ ವಾಚಿನಲ್ಲಿ ಬಡಿತ ನೋಡಿ ಲೆಕ್ಕ ಹಾಕಬೇಡಿ, ಉಸಿರು ಗಮನಿಸಿ ಅಂದರು. ಜೋರು ನಡಿಗೆಯಲ್ಲಿ ನಾಲ್ಕೈದು ಮಾತು ಆಡಲು ಆಗಬೇಕು, ಹಾಡಲು ಆಗಬಾರದು. ಎದೆ ಹಿಡಿದಂತಾದರೆ, ತಲೆ ತಿರುಗಿದರೆ ಅಲ್ಲೇ ನಿಲ್ಲಿಸಬೇಕು. ಮೊದಲ ವಾರ ಎರಡೇ ಸುತ್ತು, ಆಮೇಲೆ ನಿಧಾನಕ್ಕೆ ಐದಕ್ಕೆ ತಂದೆವು.

"ಈ ವಯಸ್ಸಲ್ಲಿ ಅಣ್ಣನ್ನ ಯಾಕೆ ಹಿಂಗೆ ಸುಸ್ತು ಮಾಡಿಸ್ತೀಯೇ?" ಅಂತ ಅತ್ತೆ ಬೇಜಾರು ಮಾಡಿಕೊಂಡರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ 1994ರಲ್ಲಿ ಬಾಸ್ಟನ್‌ನ ಒಂದು ವೃದ್ಧಾಶ್ರಮದಲ್ಲಿ ಸರಾಸರಿ 87 ವರ್ಷದವರಿಗೆ 10 ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದ್ದರು, ಅದೂ ಎತ್ತಬಲ್ಲ ಗರಿಷ್ಠ ಭಾರದ 80%. ಅವರ ಕಾಲಿನ ಬಲ ದುಪ್ಪಟ್ಟಿಗಿಂತ ಜಾಸ್ತಿಯಾಯಿತು! ಅದನ್ನು ಓದಿ ಹೇಳಿದ ಮೇಲೆ ಅತ್ತೆಯೂ ಈಗ ಅಡುಗೆಮನೆಯಲ್ಲಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುತ್ತಾರೆ.

ಅಪ್ಪ ಶುರು ಮಾಡಿ ಆರು ತಿಂಗಳಾಯಿತು. ಪೂಜೆಗೆ ಕೂತು ಏಳುವಾಗ ಈಗ ಯಾರ ಹೆಗಲೂ ಬೇಡ. ಮಾತು ಮಾತ್ರ ಬಿಟ್ಟಿಲ್ಲ, ನಿಧಾನದ ಮೂರು ನಿಮಿಷಕ್ಕೆ ಉಳಿಸಿಕೊಳ್ಳುತ್ತಾರೆ. ಗೆಳೆಯರಲ್ಲಿ ಇಬ್ಬರು ಸೇರಿಕೊಂಡಿದ್ದಾರೆ. ಇನ್ನೊಬ್ಬರಿಗೆ ಸ್ಟೆಂಟ್ ಹಾಕಿ ಹೆಚ್ಚು ದಿನ ಆಗಿಲ್ಲ, ಡಾಕ್ಟರು ಸದ್ಯಕ್ಕೆ ಜೋರು ಬೇಡ ಅಂದಿದ್ದಾರೆ. ಅವರು ಕೆರೆ ಏರಿಯ ಬೆಂಚಿನ ಮೇಲೆ ಮೊಬೈಲ್ ಹಿಡಿದು ಕೂತು, ಮೂರು ನಿಮಿಷ ಆದ ಕೂಡಲೇ "ಸಾಕು, ನಿಧಾನ!" ಅಂತ ಕೂಗುತ್ತಾರೆ.