ನಿಮ್ಮ ಕ್ಲಬ್ ಯಾವುದು?

ಕೆಲಸಕ್ಕಾಗಿ ಹಂಗೇರಿಯ ರಾಜಧಾನಿ ಬುಡಾಪೆಸ್ಟಿಗೆ ಬಂದ ಮೇಲೆ ಕಳೆದ ಶನಿವಾರ ಮೊದಲ ಬಾರಿಗೆ ಇಲ್ಲಿನ ರಾಷ್ಟ್ರೀಯ ವಾಟರ್ ಪೋಲೊ ಲೀಗಿನ ಪಂದ್ಯವೊಂದನ್ನು ನೋಡಿದೆ. ಎರಡು ತಂಡಗಳು ಈಜುಕೊಳದಲ್ಲಿ ಈಜುತ್ತಲೇ ಚೆಂಡನ್ನು ಎದುರಾಳಿಯ ಗೋಲಿಗೆ ಎಸೆಯುವ ಆಟವಿದು. ಪಕ್ಕದಲ್ಲಿ ಫೆರೆಂಟ್ಸ್‌ವಾರೋಷ್ ಕ್ಲಬ್ಬಿನ ಹಸಿರು ಬಿಳಿ ಮಫ್ಲರನ್ನು ಕೊರಳಿಗೆ ಸುತ್ತಿಕೊಂಡ, ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ಕುಳಿತಿದ್ದರು. ಆಟ ಶುರುವಾಗುವ ಮುನ್ನವೇ ಅವರು, "ನಿಮ್ಮ ಕ್ಲಬ್ ಯಾವುದು?" ಎಂದು ಕೇಳಿದರು. ಚೆನ್ನಾಗಿ ಆಡುವವರೇ ನನ್ನವರು ಎಂದು ನನಗೆ ಬರುವಷ್ಟು ಹಂಗೇರಿಯನ್ನಿನಲ್ಲಿ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿ, "ಹಾಗಾದರೆ ನೀವಿನ್ನೂ ಆಟ ನೋಡಲು ಶುರು ಮಾಡಿಲ್ಲ" ಎಂದರು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದ ವಿಷಯವನ್ನು ಹೇಳಿದ ಹಾಗಿತ್ತು. ಅಂದಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ.

ನನ್ನನ್ನು ಕರೆದೊಯ್ದಿದ್ದ ಸಹೋದ್ಯೋಗಿಗೆ ಈ ಆಟದ ಹೆಮ್ಮೆ ಬೇಕಾದಷ್ಟಿದೆ. ಹಂಗೇರಿಯ ಪುರುಷರು ಗೆದ್ದ ಒಂಬತ್ತು ಒಲಿಂಪಿಕ್ ಚಿನ್ನಗಳ ವರ್ಷಗಳನ್ನು ಅವನು 1932ರಿಂದ 2008ರವರೆಗೆ ತಡವರಿಸದೆ ಹೇಳುತ್ತಾನೆ. ಸೋವಿಯತ್ ಸೇನೆ ಬುಡಾಪೆಸ್ಟಿನ ದಂಗೆಯನ್ನು ಹತ್ತಿಕ್ಕಿದ ಕೆಲವೇ ವಾರಗಳಲ್ಲಿ, ಮೆಲ್ಬರ್ನಿನಲ್ಲಿ ಸೋವಿಯತ್ ತಂಡವನ್ನು 4–0ರಿಂದ ಸೋಲಿಸಿದ, ಹಂಗೇರಿಯ ಆಟಗಾರ ಎರ್ವಿನ್ ಝಾದೋರ್ ಮುಖದಿಂದ ರಕ್ತ ಸುರಿಸುತ್ತಾ ನೀರಿನಿಂದ ಮೇಲೆ ಬಂದ 1956ರ ಆ ಪಂದ್ಯವನ್ನಂತೂ ಕಣ್ಣಾರೆ ಕಂಡವನಂತೆ ವರ್ಣಿಸುತ್ತಾನೆ. ಆದರೆ ಶನಿವಾರ ಅವನು ಹೆಚ್ಚು ಹೊತ್ತು ನೋಡಿದ್ದು ತನ್ನ ಮೊಬೈಲನ್ನು. ಗೆಲುವನ್ನು ಮಾತ್ರ ಪ್ರೀತಿಸಿ, ಅದು ಹುಟ್ಟುವ ಜಾಗವನ್ನು ಮರೆಯುವ ಇಂಥ ಅಭಿಮಾನ ನನಗೆ ಅರೆಬರೆಯಾಗಿ ಕಾಣುತ್ತದೆ.

ಆ ಚಿನ್ನಗಳೆಲ್ಲ ಹುಟ್ಟಿದ್ದು 1904ರಲ್ಲಿ ಆರಂಭವಾದ ಈ ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನಲ್ಲಿ. ಚಳಿಗಾಲದಲ್ಲಿ ಹೊರಗೆ ಹಿಮ ಬೀಳುವ ಈ ಊರಿನಲ್ಲಿ ನೆಲದಡಿಯ ಬಿಸಿನೀರಿನ ಬುಗ್ಗೆಗಳಿವೆ, ಹಾಗಾಗಿ ಚಳಿಯಲ್ಲೂ ಈಜಬಹುದು. ಇಲ್ಲಿನ ಮಾರ್ಗರೆಟ್ ದ್ವೀಪದಲ್ಲಿ 1930ರಲ್ಲಿ ಕಟ್ಟಿದ ಈಜುಕೊಳವನ್ನು ವಿನ್ಯಾಸಗೊಳಿಸಿದವರು 1896ರ ಒಲಿಂಪಿಕ್ ಈಜು ಚಾಂಪಿಯನ್ ಆಲ್ಫ್ರೆಡ್ ಹಾಯೋಷ್. 1930ರ ದಶಕದಲ್ಲಿ ಲೀಗನ್ನು ಆಳಿದ ಉಯ್‌ಪೆಶ್ಟ್ ಕ್ಲಬ್ಬಿನ ಓಲಿವೇರ್ ಹಾಲಾಶಿಗೆ, ಬಾಲ್ಯದಲ್ಲಿ ಟ್ರಾಮ್ ಅಪಘಾತಕ್ಕೆ ಸಿಕ್ಕಿದ್ದರಿಂದ, ಒಂದು ಪಾದವೇ ಇರಲಿಲ್ಲ. ಕೊಳದ ತಳವನ್ನು ಮುಟ್ಟದೆ, ಕಾಲುಗಳ ಬಲದಿಂದಲೇ ಮೇಲೆದ್ದು ಒಂದೇ ಕೈಯಲ್ಲಿ ಚೆಂಡೆಸೆಯಬೇಕಾದ ಆಟದಲ್ಲಿ ಅವರು ಎರಡು ಒಲಿಂಪಿಕ್ ಚಿನ್ನ ಗೆದ್ದರು. ಅವರನ್ನು ವರ್ಷದ ಬಹುಪಾಲು ನೋಡುತ್ತಿದ್ದವರು ಒಲಿಂಪಿಕ್ ಪ್ರೇಕ್ಷಕರಲ್ಲ, ಈ ಊರಿನವರು.

ವಿರಾಮದಲ್ಲಿ ಅಜ್ಜಿ ತಮ್ಮ ತಂದೆಯ ವಿಷಯ ತೆಗೆದರು. ಕಮ್ಯುನಿಸ್ಟ್ ಸರ್ಕಾರ 1950ರ ಹೊತ್ತಿಗೆ ಫೆರೆಂಟ್ಸ್‌ವಾರೋಷಿನ ಹೆಸರನ್ನು ಕಿತ್ತುಹಾಕಿ, ಮುಂದೆ ಕಿನಿಝಿ ಎಂಬ ಹೆಸರು ಕೊಟ್ಟು, ಹಸಿರಿನ ಬದಲು ಕೆಂಪು ಬಣ್ಣ ತೊಡಿಸಿತ್ತು. ಉಯ್‌ಪೆಶ್ಟ್ ಆಗ ಡೋಝಾ ಆಯಿತು. ಫೆರೆಂಟ್ಸ್‌ವಾರೋಷಿಗೆ ಹಳೆಯ ಹೆಸರು ಮರಳಿದ್ದು 1956ರಲ್ಲಿ. ಅಷ್ಟೂ ವರ್ಷ ತಂದೆ ಮನೆಯೊಳಗೆ ಹೊಸ ಹೆಸರನ್ನು ಒಮ್ಮೆಯೂ ಉಚ್ಚರಿಸಲಿಲ್ಲವಂತೆ. ಚೆನ್ನಾಗಿ ಆಡುವವರೇ ನನ್ನವರು ಎಂಬ ನನ್ನ ಉತ್ತರ ಅಂಥ ಮನೆಯಲ್ಲಿ ಬೆಳೆದವರಿಗೆ ಹೇಗೆ ಕೇಳಿಸಿರಬೇಕು ಎಂಬುದು ಆಗ ತಿಳಿಯಿತು. ನಿಷ್ಪಕ್ಷಪಾತವೆಂದು ನಾನು ಭಾವಿಸಿದ್ದು ಅವರಿಗೆ ಬೇರಿಲ್ಲದಿರುವಿಕೆಯಾಗಿ ಕಂಡಿತ್ತು. ಅವರ ಮಾತೇ ಸರಿಯೆಂದು ಈಗ ನನಗೂ ಅನ್ನಿಸುತ್ತಿದೆ.

ಅಲ್ಲಿಂದ ನನ್ನ ಯೋಚನೆ ನಮ್ಮ ಕಡೆಗೆ ಹರಿಯಿತು. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದ ವಾಟರ್ ಪೋಲೊ ಚಿನ್ನ ಭಾರತದ್ದು. 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲೂ ನಮ್ಮ ತಂಡ ಆಡಿತ್ತು. ಇದನ್ನು ನೆನೆಯುವವರು ಎಷ್ಟು ಮಂದಿ? ನಮ್ಮ ರಾಷ್ಟ್ರೀಯ ಪಂದ್ಯಗಳು ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತವೆ, ಅಲ್ಲಿ ಸೆಣಸುವುದು ರಾಜ್ಯಗಳು, ಸೇನೆ, ರೈಲ್ವೆ, ಪೊಲೀಸ್ ತಂಡಗಳು. ಆ ಆಟಗಾರರ ಶ್ರಮದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಬಡಾವಣೆಯೊಂದು ತನ್ನದೆಂದು ಕರೆದುಕೊಳ್ಳುವ, ತಂದೆ ಮಗಳನ್ನು ವಾರವಾರ ಕರೆದೊಯ್ದು ತೋರಿಸಬಲ್ಲ ತಂಡ ಅದರಲ್ಲಿ ಎಲ್ಲಿದೆ? ಬಸವನಗುಡಿಯ ಕೊಳದಲ್ಲಿ ಬೆಳಗಿನ ಜಾವವೇ ಈಜುವ ಮಕ್ಕಳಿದ್ದಾರೆ, ಕೋಲ್ಕತ್ತದ ಕಾಲೇಜ್ ಸ್ಕ್ವೇರಿನಲ್ಲಿ ಹಳೆಯ ಈಜು ಕ್ಲಬ್ಬುಗಳಿವೆ, ಕೇರಳದಲ್ಲಿ ಈ ಆಟವನ್ನು ಬಲ್ಲವರಿದ್ದಾರೆ. ಕ್ಲಬ್ಬುಗಳ ಹೆಸರಿನಲ್ಲೇ, ತಿಂಗಳುಗಟ್ಟಲೆ ನಡೆಯುವ ಲೀಗೊಂದನ್ನು ಈ ಮೂರು ಕಡೆಗಳಿಂದಲೇ ಆರಂಭಿಸಬಹುದು.